ಪವರ್ ಡಬ್ಬಿಯ ತೂಕ

ಮಾರುಕಟ್ಟೆ ಬೀದಿಯಲ್ಲಿ ಅವಳಿಗೆ ಹೊಗೆಯಮ್ಮ ಎಂಬ ಹೆಸರು ಬಿದ್ದಿತ್ತು. ಹೆಸರು ಮೊದಲು ಯಾರ ಬಾಯಿಂದ ಬಂತೋ ಗೊತ್ತಿಲ್ಲ, ಅದು ಅವಳ ಮೈಗೆ ಅಂಟುವಂತೆ ಮಾಡಿದವನು ಮಾತ್ರ ಸ್ವಂತ ಅಕ್ಕನ ಗಂಡ.

ಒಂದು ಕಾಲಕ್ಕೆ ಭಾವನ ಕಂಪ್ಯೂಟರ್ ಅಂಗಡಿಯಲ್ಲಿ ಮುಂದಿನ ಕೌಂಟರ್ ಅವನದು, ಹಿಂದಿನ ರಿಪೇರಿ ಮೇಜು ಇವಳದು. ಮದರ್‌ಬೋರ್ಡಿನಲ್ಲಿ ಊದಿಕೊಂಡ ಕೆಪಾಸಿಟರ್ ಕಿತ್ತು ಹೊಸದನ್ನು ಬೆಸೆಯುವುದು, ರ‍್ಯಾಮ್ ಪಟ್ಟಿಯ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಸತ್ತ ಯಂತ್ರವನ್ನು ಎಬ್ಬಿಸಿ ಕೂರಿಸುವುದು, ಇದರಲ್ಲೆಲ್ಲ ಅವಳ ಕೈ ಪಳಗಿತ್ತು. ಭಾವನ ನಾಲಿಗೆ ಅದಕ್ಕಿಂತ ಪಳಗಿತ್ತು. ಗೋಡೆಯ ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ತಗಡಿನ ಪವರ್ ಡಬ್ಬಿಯನ್ನು ಗಿರಾಕಿಯ ಕೈಗೆ ಕೊಟ್ಟು, "ಎತ್ತಿ ನೋಡಿ, ತೂಕ ನೋಡಿ. ಒಳಗೆ ತಾಮ್ರ ಇದ್ರೆ ತಾನೆ ಭಾರ ಇರೋದು?" ಎನ್ನುತ್ತಿದ್ದ. ಗಿರಾಕಿ ಎತ್ತುತ್ತಿದ್ದ, ತಲೆದೂಗುತ್ತಿದ್ದ, ಕೊಳ್ಳುತ್ತಿದ್ದ. ಡಬ್ಬಿಗಳು ಅಂಗಡಿಯ ಕೆಂಪು ಸೀಲು ಹೊತ್ತು ಭಾವನ ಮನೆಯಿಂದಲೇ ಬರುತ್ತಿದ್ದವು. ಸೀಲು ಒಡೆದರೆ ಗ್ಯಾರಂಟಿ ಹೋಗುತ್ತದೆಂದು ಭಾವ ಹೇಳಿದ್ದ. ಅವಳು ಒಡೆಯುತ್ತಿರಲಿಲ್ಲ, ನಾಲ್ಕು ಸ್ಕ್ರೂ ತಿರುಗಿಸಿ ಕ್ಯಾಬಿನೆಟ್ಟಿಗೆ ಕೂರಿಸುತ್ತಿದ್ದಳು, ಅಷ್ಟೆ.

ಅಂಥ ಒಂದು ಡಬ್ಬಿ ಬೀದಿಯ ಕೊನೆಯ ಫೋಟೋ ಸ್ಟುಡಿಯೋದಲ್ಲಿ ಹೊತ್ತಿಕೊಂಡಿತು. ಪ್ಲಗ್ ಕೀಳಲು ಹೋದ ಸ್ಟುಡಿಯೋದವನ ಎಡಗೈ ಸುಟ್ಟಿತು. ಹಾರ್ಡ್ ಡಿಸ್ಕ್ ಕರಕಲಾಗಿ ಅದರಲ್ಲಿದ್ದ ಬೀದಿಯವರೆಲ್ಲರ ಮದುವೆ, ಮಕ್ಕಳು, ತೀರಿಹೋದವರ ಮುಖಗಳು ಬೂದಿಯಾದವು. ಜನ ಅಂಗಡಿಯ ಮುಂದೆ ಕೂಡಿದಾಗ ಭಾವ ಒಂದು ಕ್ಷಣವೂ ಯೋಚಿಸಲಿಲ್ಲ. "ಮಾಲು ನಂದು, ಜೋಡಿಸಿದ್ದು ಇವಳು. ಒಳಗೆ ಸ್ಕ್ರೂ ಬೀಳಿಸಿ ಹಾಗೇ ಮುಚ್ಚಿದ್ದಾಳೆ," ಎಂದು ಎಲ್ಲರೆದುರು ಬೆರಳು ತೋರಿಸಿದ. ಸುಟ್ಟ ಡಬ್ಬಿಯನ್ನು ಅವಳು ನೋಡುವ ಮೊದಲೇ ಸಾಗಹಾಕಿದ್ದ. ಅಕ್ಕ ಅಡುಗೆಮನೆಗೆ ಕರೆದು ತಬ್ಬಿಕೊಂಡು ಅತ್ತಳು. "ನಾನು ನಂಬ್ತೀನಿ ಕಣೇ. ಆದ್ರೆ ಗಂಡನ ಎದುರು ನಾನೇನು ಮಾಡ್ಲಿ?"

ಅಂಗಡಿ ಬಿಟ್ಟಮೇಲೆ ಯಾರೂ ಅವಳಿಗೆ ಒಂದು ಮೌಸ್ ಕೂಡ ರಿಪೇರಿಗೆ ಕೊಡಲಿಲ್ಲ. ಕೊನೆಗೆ ಊರಾಚೆಯ ಗುಜರಿ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಜೀವ ಕೊಡುತ್ತಿದ್ದ ಕೈ ಈಗ ಹರಿದು ಬೇರ್ಪಡಿಸುವುದಕ್ಕೆ ನಿಂತಿತು: ಪ್ರಾಸೆಸರಿನ ಚಿನ್ನದ ಲೇಪದ ಸೂಜಿಗಳು ಒಂದು ಕಡೆ, ಫ್ಯಾನುಗಳು ಒಂದು ಕಡೆ, ಬೂದು ಬಣ್ಣದ ರಿಬ್ಬನ್ ಕೇಬಲ್ಲುಗಳು ಒಂದು ರಾಶಿ. ಜನರ ಬೈಗುಳವನ್ನು ಅವಳು ಹೇಗೋ ನುಂಗಿಕೊಂಡಳು. ನುಂಗಲಾಗದ್ದು ಬೇರೆ. ವರ್ಷಗಟ್ಟಲೆ ಅವಳು ತನ್ನ ಕೈಯನ್ನೇ ಅನುಮಾನಿಸಿದಳು. ಆವತ್ತು ಸ್ಕ್ರೂ ಎಣಿಸಿದ್ದೆನಾ? ಒಂದು ಜಾರಿತ್ತಾ? ಅಡುಗೆ ಮಾಡುತ್ತ ಗ್ಯಾಸ್ ಆರಿಸಿದ್ದನ್ನು ಮತ್ತೆ ಮತ್ತೆ ಹೋಗಿ ನೋಡುವಳು. ಬೀಗ ಎಳೆದು ನೋಡಿ, ಬೀದಿಯ ತಿರುವಿನಿಂದ ವಾಪಸು ಬಂದು ಮತ್ತೆ ಎಳೆಯುವಳು.

ಹೀಗಿರುವಾಗ ಒಂದು ಶಾಲೆಯವರು ತಮ್ಮ ಲ್ಯಾಬಿನ ಹಳೇ ಕಂಪ್ಯೂಟರುಗಳನ್ನೆಲ್ಲ ಗುಜರಿಗೆ ಹಾಕಿದರು. ಲಾರಿಯಿಂದ ಇಳಿದ ಕ್ಯಾಬಿನೆಟ್ಟುಗಳ ಬೆನ್ನಿಗೆ ಭಾವನ ಅಂಗಡಿಯ ಕೆಂಪು ಸೀಲು. ಗುಜರಿಯಲ್ಲಿ ಗ್ಯಾರಂಟಿಯ ಹಂಗಿಲ್ಲ. ಮೊದಲನೆಯ ಪವರ್ ಡಬ್ಬಿಯ ಸೀಲು ಹರಿದು ಮುಚ್ಚಳ ತೆಗೆದಳು.

ಒಳಗೆ ಇರಬೇಕಾದ ತಾಮ್ರದ ಸುರುಳಿಗಳು ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ಇದ್ದದ್ದು ಹೆಬ್ಬೆರಳಿನಷ್ಟು. ಶಾಖ ಹೀರುವ ಅಲ್ಯೂಮಿನಿಯಮ್ ರೆಕ್ಕೆಗಳ ಜಾಗದಲ್ಲಿ ಕಾಗದದಂಥ ತಗಡು. ಮತ್ತೆ ತೂಕ ಎಲ್ಲಿಂದ ಬಂತು ಎಂದರೆ, ಫ್ಯಾನಿನ ಗಾಳಿಗೆ ಅಡ್ಡವಾಗಿ, ಅಂಟು ಹಾಕಿ ಕೂರಿಸಿದ ಒಂದು ಸಿಮೆಂಟಿನ ಉಂಡೆ.

ಅವಳು ಅದನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡಳು. ಸ್ಕ್ರೂ ಜಾರಿರಲಿಲ್ಲ. ತನ್ನ ಕೈ ಸರಿಯಾಗಿತ್ತು. ಸಂತೋಷಪಡಬೇಕೆಂದುಕೊಂಡಳು, ಆಗಲಿಲ್ಲ. ಯಾಕೆಂದರೆ ಅದು ಬರೀ ಉಂಡೆಯಾಗಿರಲಿಲ್ಲ, ಹೂವಿನ ಆಕಾರದಲ್ಲಿತ್ತು. ಐದು ಎಸಳು, ಅದರಲ್ಲಿ ಒಂದು ಒಳಕ್ಕೆ ನೆಗ್ಗಿದ್ದು. ಅಮ್ಮ ಹಬೆಯಲ್ಲಿ ಸಿಹಿ ಬೇಯಿಸುತ್ತಿದ್ದ ತವರದ ಅಚ್ಚಿನದೇ ಆಕಾರ ಅದು. ಆ ಅಚ್ಚನ್ನು ನೆಗ್ಗಿಸಿದವಳು ತಾನೇ, ಚಿಕ್ಕವಳಿದ್ದಾಗ ಮೆಟ್ಟಿಲ ಮೇಲಿಂದ ಬೀಳಿಸಿ. ಅಮ್ಮ ಹೋದಮೇಲೆ, ನೆನಪಿಗೆ ಅದೊಂದು ಸಾಕೆಂದು ಅಕ್ಕ ತೆಗೆದುಕೊಂಡು ಹೋಗಿದ್ದಳು.

ಸಿಮೆಂಟು ಕಲಸಿ ಅಚ್ಚಿಗೆ ಸುರಿದವಳು ಅಕ್ಕ. ಅದೇ ಅಡುಗೆಮನೆಯಲ್ಲಿ ನಿಂತು ತಬ್ಬಿಕೊಂಡು ಅತ್ತವಳೂ ಅಕ್ಕ.

ಭಾವನ ಮೇಲಿದ್ದದ್ದು ಹಳೇ ಸಿಟ್ಟು, ಬೂದಿ ಮುಚ್ಚಿದ ಕೆಂಡ. ಇದು ಹಾಗಲ್ಲ. ಈಗಷ್ಟೆ ಹೊತ್ತಿಕೊಂಡ ಬೆಂಕಿ. ಉಳಿದ ಡಬ್ಬಿಗಳನ್ನು ಎತ್ತಿ ತೂಕ ನೋಡಿ, ಸೀಲು ಒಡೆಯದೆ ಗೋಣಿಚೀಲಕ್ಕೆ ತುಂಬಿದಳು.

ಮಾರನೆಯ ದಿನ ಸ್ಟುಡಿಯೋಗೆ ಹೋದಳು. ಸುಟ್ಟ ಕೈಯವನು ಅವಳನ್ನು ಕಂಡು ಬಾಗಿಲಲ್ಲೇ ಅಡ್ಡ ನಿಂತ.

"ಇಲ್ಲಿಗೆ ಯಾಕೆ ಬಂದೆ?"

"ಮಾತಾಡೋಕಲ್ಲ. ಇದನ್ನ ನೋಡು," ಎಂದು ಸಿಮೆಂಟಿನ ಹೂವನ್ನು ಅವನ ಮೇಜಿನ ಮೇಲಿಟ್ಟು, ಎಲ್ಲಿ ಸಿಕ್ಕಿತೆಂದು ಹೇಳಿದಳು.

ಅವನು ಬಹಳ ಹೊತ್ತು ಅದನ್ನು ಬಲಗೈಯಲ್ಲಿ ತಿರುಗಿಸಿದ. "ಇದನ್ನ ನೀನೇ ಮಾಡಿ ತಂದಿಲ್ಲ ಅಂತ ಏನು ಗ್ಯಾರಂಟಿ?"

"ಏನೂ ಇಲ್ಲ. ನನ್ನ ನಂಬಬೇಡ. ಸೀಲು ಒಡೀದೇ ಇರೋ ಡಬ್ಬಿಗಳಿವೆ. ಅವನ ಅಂಗಡೀಲೇ, ಅವನ ಕೌಂಟರ್ ಮೇಲೇ ಒಡೆಯೋಣ. ಕೈ ಸುಟ್ಟಿದ್ದು ನಿಂದು, ನೀನು ಮುಂದೆ ನಿಲ್ಲಬೇಕು."

ಅವನು ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡ. "ನಡಿ," ಎಂದ.

"ಇವತ್ತು ಬೇಡ. ಸಂತೆಯ ದಿನ ಹೋಗೋಣ. ಅಂಗಡಿ ತುಂಬಿರ್ಲಿ."

ಸಂತೆಯ ದಿನ ಮಧ್ಯಾಹ್ನ ಭಾವನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಾಜಿನ ಬಾಗಿಲು, ತಂಪು ಗಾಳಿ, ಗಲ್ಲಾದಲ್ಲಿ ಅಕ್ಕ. ಸ್ಟುಡಿಯೋದವನು ಒಂದು ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, "ಇದು ನಿಮ್ಮ ಮಾಲೇನಾ?" ಎಂದ.

ಭಾವ ಸೀಲು ನೋಡಿದ. ಸುತ್ತ ಇದ್ದ ಗಿರಾಕಿಗಳನ್ನೂ ನೋಡಿದ. "ನಮ್ಮದೇ. ಎಷ್ಟು ವರ್ಷ ಆಗಿದೆ ನೋಡಿ, ಸೀಲು ಹಾಗೇ ಇದೆ. ಎತ್ತಿ ನೋಡಿ, ಆಗಿನ ಕಾಲದ ತೂಕ. ಈಗ ಎಲ್ಲಿ ಸಿಗುತ್ತೆ?"

"ಎದೆ ಮುಟ್ಟಿ ಹೇಳ್ತೀರಾ?"

"ಎದೆ ಯಾಕೆ, ತಲೆ ಮೇಲೆ ಹೊತ್ತು ಹೇಳ್ತೀನಿ."

ಗಿರಾಕಿಗಳು ನಕ್ಕರು. ಆಗ ಹೊಗೆಯಮ್ಮ ಹಿಂದಿನಿಂದ ಬಂದು ಸ್ಕ್ರೂಡ್ರೈವರ್ ತೆಗೆದಳು. ಭಾವನ ಮುಖದಿಂದ ನಗು ಇಳಿಯುವಷ್ಟರಲ್ಲಿ ಸೀಲು ಹರಿದಿತ್ತು, ಮುಚ್ಚಳ ಬಿಚ್ಚಿತ್ತು. ಸಿಮೆಂಟಿನ ಹೂವು ಗಾಜಿನ ಕೌಂಟರಿನ ಮೇಲೆ ಟಕ್ ಎಂದು ಕೂತಿತು. ಅವಳು ಎರಡನೆಯ ಡಬ್ಬಿ ಬಿಚ್ಚಿದಳು. ಮೂರನೆಯದು. ಸ್ಟುಡಿಯೋದವನು ತೋಳು ಮೇಲೇರಿಸಿ ಸುಕ್ಕುಗಟ್ಟಿದ ಎಡಗೈಯನ್ನು ಆ ಹೂವುಗಳ ಪಕ್ಕದಲ್ಲಿ ಇಟ್ಟ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕೇಳುವ ಮುಂಚೆಯೇ ಭಾವ ಬಾಯಿ ಬಿಟ್ಟ. "ಇದು ಇವಳದೇ ಕೆಲಸ. ಆಗ ಹಿಂದೆ ಕೂತು ರಿಪೇರಿ ಮಾಡ್ತಿದ್ದವಳು ಇವಳೇ ಅಲ್ವಾ?"

ಅವನು ಇದನ್ನೇ ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಅದಕ್ಕಾಗಿಯೇ ಕಾದಿದ್ದಳು. ಒಂದು ಹೂವನ್ನು ಎತ್ತಿಕೊಂಡು ಗಲ್ಲಾದ ಹತ್ತಿರ ಹೋಗಿ ಅಕ್ಕನ ಮುಂದಿಟ್ಟಳು.

"ಅಕ್ಕಾ, ಈ ಎಸಳು ನೆಗ್ಗಿದ ಅಚ್ಚು ಯಾರ ಮನೇಲಿದೆ? ನೀನೇ ಹೇಳು."

ಅಕ್ಕ ನೆಗ್ಗಿದ ಎಸಳನ್ನು ಅಂಗೈಯಿಂದ ಮುಚ್ಚಿದಳು. ಭಾವನ ಕಣ್ಣು ಹೂವಿನಿಂದ ಹೆಂಡತಿಗೆ, ಹೆಂಡತಿಯಿಂದ ಜನರಿಗೆ ಓಡಿತು.

"ಹಾಗಾದ್ರೆ ಇವಳದೇ ಇರಬೇಕು," ಎಂದ, ಹೆಂಡತಿಯತ್ತ ಬೆರಳು ಚಾಚಿ. "ಡಬ್ಬಿ ಪ್ಯಾಕ್ ಮಾಡ್ತಿದ್ದಿದ್ದು ಇವಳು. ಮನೇಲಿ ಕೂತು ಅಕ್ಕ ತಂಗಿ ಏನೇನು ಮಾಡ್ತಿದ್ರೋ ನನಗೇನು ಗೊತ್ತು?"

ಅದೇ ಬೆರಳು, ಅದೇ ದನಿ. ಅಕ್ಕನ ಮುಖ ಬಿಳಿಚಿಕೊಳ್ಳುವುದನ್ನು ತಂಗಿ ಕಣ್ಣು ಮಿಟುಕಿಸದೆ ನೋಡಿದಳು. ಆವತ್ತು ತನ್ನ ಮುಖ ಹೀಗೇ ಇದ್ದಿರಬೇಕು ಎನಿಸಿತು. ಎದೆಯೊಳಗೆ ಏನೋ ತಣ್ಣಗೆ ಹರಿಯಿತು.

ಅಕ್ಕ ಎದ್ದು ನಿಂತಳು. "ಹೌದು, ನಾನೇ ಮಾಡಿದ್ದು," ಎಂದಳು. ದನಿ ಗಟ್ಟಿಯಾಗಿತ್ತು. "ಸಿಮೆಂಟು ತಂದುಕೊಟ್ಟಿದ್ದು ಇವರು. ಎಷ್ಟು ತೂಕ ಬರಬೇಕು ಅಂತ ತಕ್ಕಡಿ ಹಿಡಿದು ನಿಲ್ತಿದ್ದಿದ್ದೂ ಇವರೇ. ಇವಳಿಗೆ ಏನೂ ಗೊತ್ತಿರಲಿಲ್ಲ."

ಆಮೇಲೆ ಅಂಗಡಿ ಉಳಿಯಲಿಲ್ಲ. ಬೀದಿಯವರು ಅಟ್ಟದ ಮೇಲಿನ ಹಳೇ ಕಂಪ್ಯೂಟರುಗಳನ್ನೆಲ್ಲ ಇಳಿಸಿ, ತಳ್ಳುಗಾಡಿಯಲ್ಲಿ, ಸೈಕಲ್ಲಿನಲ್ಲಿ ಗುಜರಿ ಶೆಡ್ಡಿಗೆ ತಂದು ಹೊಗೆಯಮ್ಮನ ಕೈಲೇ ಬಿಚ್ಚಿಸಿದರು. ಹೂವು ಸಿಕ್ಕವರು ಅದನ್ನು ಹಿಡಿದು ನೇರ ಭಾವನ ಅಂಗಡಿಗೆ ನಡೆದರು. ಗಾಜಿನ ಬಾಗಿಲಿನ ಮುಂದೆ ಅವುಗಳ ರಾಶಿಯೇ ಬಿತ್ತು. ಸ್ಟುಡಿಯೋದವನು ಪೊಲೀಸರಿಗೆ ದೂರು ಕೊಟ್ಟ. ಅವರು ಬರುವ ಮುನ್ನವೇ ಭಾವ ಷಟರ್ ಎಳೆದು ಊರು ಬಿಟ್ಟ, ಹೆಂಡತಿಗೂ ಹೇಳದೆ.

ಕೆಲವು ವಾರಗಳಾದ ಮೇಲೆ ಅಕ್ಕ ಶೆಡ್ಡಿಗೆ ಬಂದಳು. ಬಿಸಿಲಲ್ಲಿ ನಡೆದು ಬಂದಿದ್ದಳು. ತಂಗಿ ಸ್ಟೂಲು ತೋರಿಸಲಿಲ್ಲ.

"ನನ್ನನ್ನೂ ಸೇರಿಸಿಯೇ ಮುಳುಗಿಸಬೇಕಿತ್ತಾ? ಮೊದಲೇ ನನ್ನ ಹತ್ರ ಬಂದು ಕೇಳಬಹುದಿತ್ತು."

"ಕೇಳಿದ್ರೆ ನೀನು ಮತ್ತೆ ತಬ್ಬಿಕೊಂಡು ಅಳ್ತಿದ್ದೆ."

ಅಕ್ಕ ತಲೆ ತಗ್ಗಿಸಿದಳು. "ನಿನ್ನ ಹೆಸರು ಉಳಿಸಿದ್ದು ಕೊನೆಗೆ ನನ್ನ ಮಾತೇ ಅಲ್ವಾ?"

"ಅವನು ನಿನ್ನ ಕಡೆ ಬೆರಳು ತೋರಿಸಿದ ಮೇಲೆ ಆಡಿದ ಮಾತು. ನನ್ನ ಕಡೆ ತೋರಿಸಿದಾಗ ಆಡಿದ್ರೆ ನನಗೆ ಬೇಕಾಗಿತ್ತು."

ಅಕ್ಕ ಹೊರಡುವಾಗ ಬಾಗಿಲಲ್ಲಿ ತಿರುಗಿದಳು. "ಈಗ ತೃಪ್ತಿ ಆಯ್ತಾ?"

ತಂಗಿ ಪ್ರಾಮಾಣಿಕವಾಗಿ ಯೋಚಿಸಿದಳು. ಇಲ್ಲ ಎಂದು ಹೇಳುವುದು ಒಳ್ಳೆಯವರ ಲಕ್ಷಣವೇನೋ. ಆದರೆ ಅಂಗಡಿಗೆ ಹೋಗಿ ಬಂದ ದಿನದಿಂದ ಅವಳು ಬೀಗವನ್ನು ಒಮ್ಮೆ ಹಾಕಿದರೆ ಮತ್ತೆ ಎಳೆದು ನೋಡಿರಲಿಲ್ಲ.

"ಆಯ್ತು," ಎಂದಳು.

ಅಕ್ಕ ಸೆರಗು ತಲೆಗೆ ಹೊದ್ದುಕೊಂಡು ಬಿಸಿಲಿಗೆ ಇಳಿದಳು. ತಂಗಿ ಅವಳು ರಸ್ತೆ ದಾಟುವವರೆಗೆ ನೋಡಿದಳು, ಕರೆಯಲಿಲ್ಲ. ಆಮೇಲೆ ಮೇಜಿನ ಹತ್ತಿರ ಬಂದು, ಬೆಳಿಗ್ಗೆ ಯಾರೋ ರಿಪೇರಿಗೆಂದೇ ಬಿಟ್ಟುಹೋಗಿದ್ದ ಕ್ಯಾಬಿನೆಟ್ಟಿನ ಪಕ್ಕದ ತಗಡು ಸರಿಸಿ, ಬ್ರಷ್ಷಿನಿಂದ ಒಳಗಿನ ದೂಳು ಜಾಡಿಸತೊಡಗಿದಳು.