ನಿಲ್ಲದೆ ಹೋದ ಕಾವಲು ಹಡಗು

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಕ್ಷಮಿಸಬೇಕು. ನಾನು ಸಮುದ್ರ ನೋಡಿದವನಲ್ಲ. ಹಗಲು ಕೊಡಗಿನ ಸುಂಟಿಕೊಪ್ಪದಲ್ಲಿ ಬಟ್ಟೆ ಹೊಲಿದು, ಸಂಜೆ ಶಾಲೆಯಲ್ಲಿ ನಾಲ್ಕಕ್ಷರ ಕಲಿತವನು. ತಪ್ಪಿದ್ದರೆ ತಿದ್ದಿ. ಆದರೆ ನಡೆದದ್ದು ನನ್ನ ಅಕ್ಕನಿಗೆ, ಮತ್ತು ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಅಕ್ಕ ರುದ್ರಮ್ಮ. ಅವಳ ಗಂಡ ಸಣ್ಣಸ್ವಾಮಿ ಎರಡನೇ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿಗೆ ಹೋಗಿ, ಸರಕು ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ್ದ. ಹಡಗು ಮುಳುಗಿತು, ಆಳು ಸಿಗಲಿಲ್ಲ ಎಂದಷ್ಟೇ ಸುದ್ದಿ ಬಂತು. ಹಾಸನದ ಕಡೆಯಿಂದ ಬಂದ ನಮ್ಮ ಮನೆಗಳಲ್ಲಿ ಪಿತೃಪಕ್ಷದ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತೇವೆ. ಬದುಕಿರುವವನ ಹೆಸರಿನಲ್ಲಿ ಇಟ್ಟರೆ ಅವನಿಗೆ ಕೇಡು. ಸತ್ತವನಿಗೆ ಇಡದಿದ್ದರೆ ಹಸಿದು ಅಲೆಯುತ್ತಾನೆ. ಅಕ್ಕ ಇಡಲೂ ಆರದೆ ಬಿಡಲೂ ಆರದೆ ಪ್ರತಿ ವರ್ಷ ಆ ದಿನ ತಾನೂ ಉಪವಾಸ ಕೂರುತ್ತಿದ್ದಳು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಒಂದು ವರ್ಷ ಪಿತೃಪಕ್ಷ ಹತ್ತಿರವಾದಾಗ ಮಡಿಕೇರಿಗೆ ಇಂಗ್ಲಿಷ್ ಚಿತ್ರ ಬಂತು. ಸರಕು ಹಡಗುಗಳ ಗುಂಪಿಗೆ ಕಾವಲು ಹೋಗುವ ಯುದ್ಧ ಹಡಗುಗಳ ಕಥೆ. ‘ಎಲ್ಲವೂ ನಿಜವಾಗಿ ನಡೆದದ್ದು’ ಎಂದು ಗೋಡೆಗೋಡೆಗೂ ಅಂಟಿಸಿದ್ದರು. ನೋಡಲೇಬೇಕೆಂದು ಅಕ್ಕ ಹಟ ಹಿಡಿದಳು. ಪಕ್ಕದ ಮನೆಯ ಜವರಪ್ಪನೂ ಬಂದ. ಯುದ್ಧದಲ್ಲಿ ಅಂಥದೇ ಕಾವಲು ಹಡಗಿನಲ್ಲಿದ್ದವನು. ಆದರೆ ಅದರ ಮಾತೆತ್ತುತ್ತಿರಲಿಲ್ಲ.

ಮಧ್ಯಾಹ್ನದ ಆಟ. ಪರದೆಯ ಪಕ್ಕ ನಿಂತು ಮಾಯಿಲಪ್ಪ ಎಂಬವನು ಕಥೆಯನ್ನು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದ. ಸರಕು ಹಡಗು ಒಡೆಯಿತು, ಜನ ನೀರಿಗೆ ಬಿದ್ದರು, ಕಾವಲು ಹಡಗು ನಿಂತು ಹಗ್ಗ ಇಳಿಬಿಟ್ಟಿತು.

“ನೋಡ್ರಪ್ಪಾ, ಎಲ್ಲರನ್ನೂ ಮೇಲಕ್ಕೆತ್ತಿದರು! ಒಬ್ಬನೂ ಸಾಯಲಿಲ್ಲ!”

ಅಕ್ಕ ನನ್ನ ತೋಳು ಹಿಡಿದಳು. “ಪುಟ್ಟರಾಜು, ಎತ್ತಿದವರನ್ನ ಯಾವ ದೇಶದಲ್ಲಿ ಇಳಿಸಿದ್ರಂತೆ? ಕೇಳೋ.”

ಜವರಪ್ಪ ಎದ್ದು ನಿಂತ. “ಸುಳ್ಳು! ನಿಲ್ಸೋ ಮಾಯಿಲಪ್ಪ!”

“ಕೂತ್ಕೊಳಯ್ಯ ಕ್ಯಾಪ್ಟನ್, ಪರದೆ ಕಾಣ್ತಿಲ್ಲ!” ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು.

“ನಾವು ನಿಲ್ಲಲಿಲ್ಲ ಕಣ್ರೋ. ನಿಂತರೆ ನಮಗೂ ಹೊಡೀತಾರೆ, ನಿಲ್ಲಬೇಡಿ ಅಂತ ಆರ್ಡರ್. ನೀರಲ್ಲಿ ಕೈ ಬೀಸ್ತಿದ್ರು. ಅವರ ನಡುವೆನೇ ಹೋದ್ವಿ. ನೀರಡಿ ಅಡಗಿದ್ದ ಶತ್ರು ಹಡಗಿಗೆ ಅಂತ ನೀರೊಳಗೆ ಸಿಡಿಯೋ ಬಾಂಬು ಉರುಳಿಸಿದ್ವಿ. ಅವರಿದ್ದ ಜಾಗದಲ್ಲೇ!”

ಬಾಗಿಲು ಕಾಯುವವನು ಅವನನ್ನು ಹೊರಗೆ ದಬ್ಬಿದ. ನಾವೂ ಹಿಂದೆಯೇ ಹೋದೆವು.

“ಜವರಣ್ಣ,” ಎಂದಳು ಅಕ್ಕ, “ಎಡೆ ಇಡಲೋ ಬೇಡವೋ ಅಂತ ನಿನ್ನನ್ನೇ ಕೇಳಿರಲಿಲ್ವಾ? ಆಗ ಬಾಯಲ್ಲೇನು ಅವಲಕ್ಕಿ ಇತ್ತಾ? ಬಟ್ಟೆ ಮೇಲೆ ಕುಣಿಯೋ ಬೊಂಬೆಗಳಿಗೆ ನಿಜ ಹೇಳ್ತೀಯ, ನನಗೆ ಹೇಳಲ್ಲ?”

“ಅದು ಸಣ್ಣಸ್ವಾಮಿ ಹಡಗು ಅಂತ ನನಗೇನು ಗೊತ್ತು, ರುದ್ರಮ್ಮ?”

“ಅಲ್ಲ ಅಂತ ಗೊತ್ತಾ?”



ಅಮಾವಾಸ್ಯೆಯ ದಿನ ಅಕ್ಕ ಎಲೆ ಹಾಸಿದಳು. ಹಣೆಯಲ್ಲಿ ಕುಂಕುಮ ಹಾಗೇ ಇತ್ತು. ಜವರಪ್ಪನನ್ನು ಕರೆಸಿ ಅನ್ನದ ಪಾತ್ರೆಯನ್ನು ಅವನ ಕೈಗೆ ತುರುಕಿದಳು.

“ಬಡಿಸು. ನೀವು ಬಿಟ್ಟು ಹೋದವರಿಗೆಲ್ಲ. ಯಾರ ಹೆಸರೂ ಹೇಳಲ್ಲ. ಅವರೊಳಗೆ ನನ್ನವನಿದ್ದರೆ ಉಣ್ಣಲಿ. ಇಲ್ಲದಿದ್ದರೆ ಅವನಿಗೆ ಕೇಡು ತಟ್ಟಲ್ಲ.”

ಜವರಪ್ಪ ಎಲೆಯನ್ನು ನೋಡಿದ. “ಒಂದು ಎಲೆ ಸಾಲದು,” ಎಂದ.

ಅಕ್ಕ ಕತ್ತಿ ಹಿಡಿದು ಹಿತ್ತಲಿಗೆ ಹೋಗಿ, ಬಾಳೆ ಗಿಡದ ಎಲೆಗಳನ್ನೆಲ್ಲ ಕಡಿದು ತಂದು ಅವನ ಮುಂದೆ ಎಸೆದಳು.

ಕೆಲವು ಕಾವಲು ಹಡಗುಗಳು ಆಜ್ಞೆ ಮೀರಿ ನಿಂತದ್ದೂ ಉಂಟು ಎಂದು ಮುಂದೆ ಎಲ್ಲೋ ಓದಿದೆ. ಹಾಗಾಗಿ ಚಿತ್ರ ಪೂರಾ ಸುಳ್ಳೆಂದು ನಾನು ಹೇಳಲಾರೆ. ಭಾವ ಯಾವ ಸಮುದ್ರದಲ್ಲಿ ಬಿದ್ದ, ಅವನ ಹತ್ತಿರ ಬಂದ ಹಡಗು ನಿಂತಿತೋ ಇಲ್ಲವೋ, ನನಗೆ ಗೊತ್ತಿಲ್ಲ.