ಮೂವತ್ತೊಂದು ಸಲ ಬಂದ್ ಬಿದ್ದ ಕಾರು

ನನ್ನ ಕಾರು ಓಡುವಾಗ ಬಲು ಸಂಭಾವಿತ. ನಿಂತಾಗ ಮಾತ್ರ ಅದಕ್ಕೆ ಹುಚ್ಚು ಹಿಡಿಯುತ್ತದೆ. ಇಂಜಿನ್ನಿನ ಸದ್ದು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಮುದುಕರು ಕೆಮ್ಮಿದ ಹಾಗೆ ಎರಡು ಸಲ ಕುಲುಕಿ ಬಂದ್ ಬೀಳುತ್ತದೆ. ಅದೂ ನಾನು ಓಡಿಸುವಾಗ ಮಾತ್ರ. ನನ್ನ ಗಂಡ ಶ್ರೀಮಂತ ಅವರು ಓಡಿಸುವಾಗ ಒಂದು ಸಲವೂ ಹೀಗಾಗಿಲ್ಲ. ಆದ್ದರಿಂದ ರೋಗ ಕಾರಿನದ್ದಲ್ಲ, ನನ್ನ ಕಾಲಿನದ್ದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ಅವರೇ. ತಾಲೂಕು ಕಚೇರಿಯ ಗುಮಾಸ್ತರು, ಒಮ್ಮೆ ಷರಾ ಬರೆದರೆ ತಿದ್ದುವ ರೂಢಿ ಇಲ್ಲ.

ನಾನು ಸಂಘಮಿತ್ರಾ. ಮನೆ ಶಹಾಪುರದಲ್ಲಿ, ವಿಜ್ಞಾನ ಕಲಿಸುವುದು ಶಿರವಾಳದ ಶಾಲೆಯಲ್ಲಿ. ಬಸ್ಸು ನನ್ನ ಶಾಲೆಯ ಗಂಟೆ ನೋಡಿ ಬರುವುದಿಲ್ಲ, ಅದಕ್ಕೇ ಕಾರು. ಹನ್ನೊಂದು ವರ್ಷ ಹಳೆಯದು, ಬಿಳಿ ಬಣ್ಣದ್ದು, ಸುರಪುರದಲ್ಲಿ ಹಳೆ ಗಾಡಿಗಳ ವ್ಯಾಪಾರ ಮಾಡುವ ಏಜಾಜನಿಂದ ಆರು ತಿಂಗಳ ಹಿಂದೆ ತಂದದ್ದು. ತಂದದ್ದು ನನ್ನ ಸಂಬಳದಲ್ಲಿ, ನನ್ನ ಹೆಸರಿನಲ್ಲಿ. ಇಲ್ಲದ್ದು ಲೈಸೆನ್ಸ್ ಒಂದೇ.

ಯಾದಗಿರಿಗೆ ಟೆಸ್ಟ್ ಕೊಡಲು ಎರಡು ಸಲ ಹೋಗಿದ್ದೆ. ಎರಡು ಸಲವೂ ಎಂಟರ ಆಕಾರದಲ್ಲಿ ತಿರುಗಿಸಿದೆ, ರಿವರ್ಸ್ ತೆಗೆದೆ, ಇನ್ಸ್‌ಪೆಕ್ಟರು "ನಿಲ್ಲಸ್ರಿ" ಎಂದಾಗ ಬಿಳಿ ಗೆರೆಯ ಮೇಲೇ ನಿಲ್ಲಿಸಿದೆ. ಎರಡು ಸಲವೂ ಇಂಜಿನ್ ಬಂದ್ ಬಿತ್ತು. 'ಕ್ಲಚ್ ಮೇಲೆ ಹಿಡಿತವಿಲ್ಲ' ಎಂದು ಬರೆದು ಕಳಿಸಿದರು. ಅವರನ್ನು ಬೈಯುವಂತಿಲ್ಲ. ಹೊರಗೆ ನಿಂತು ನೋಡಿದವರಿಗೆ ಹಾಗೇ ಕಾಣುತ್ತದೆ.

ಎರಡನೇ ಸಲ ಮನೆಗೆ ಬಂದಾಗ ಅತ್ತೆ ಮಾನಮ್ಮ ರೊಟ್ಟಿ ಬಡಿಯುತ್ತಿದ್ದರು.

"ಏನಾತವ್ವಾ?"

"ಬಂದ್ ಬಿತ್ರೀ ಅತ್ತಿ. ಗಾಡ್ಯಾಗ ಏನೋ ಐತಿ."

"ಹೌದೌದು," ಎಂದರು ಅತ್ತೆ, ರೊಟ್ಟಿಯಿಂದ ಕಣ್ಣು ತೆಗೆಯದೆ. "ಕುಣೀಲಾಕ ಬರಲಾರದಾಕಿ ಅಂಗಳ ಡೊಂಕು ಅಂದ್ಲಂತ."

ಶ್ರೀಮಂತ ನಗಲಿಲ್ಲ. ನಕ್ಕಿದ್ದರೆ ಜಗಳಕ್ಕಾದರೂ ಒಂದು ದಾರಿ ಇರುತ್ತಿತ್ತು.

"ಇನ್ನೊಂದು ಸಲ ನೋಡೂಣು," ಎಂದರು. "ಮೂರನೇ ಸಲಾನೂ ಫೇಲ್ ಆದ್ರ ಅದರ ಮುಂದಿನ ಐತವಾರ ಏಜಾಜ ಬಂದು ಗಾಡಿ ತಿರುಗಿ ಒಯ್ತಾನ. ನಾ ಮಾತಾಡೀನಿ."

"ಗಾಡಿ ನನ್ನ ಹೆಸರೀಲೆ ಐತಿ."

"ಐತಿ. ಓಡಸಾವ್ರು ಯಾರು?"

ಕೆಟ್ಟದ್ದೆಂದರೆ, ಅವರು ಹೇಳುವುದು ನಿಜವಿರಬಹುದೇ ಎಂಬ ಅನುಮಾನ ನನಗೂ ಬಂದಿತ್ತು. ಎಲ್ಲರೂ ಸೇರಿ ನಿನ್ನ ಕಾಲು ಸರಿಯಿಲ್ಲ ಎಂದರೆ, ಸ್ವಲ್ಪ ದಿನಕ್ಕೆ ನಡೆಯುವಾಗಲೂ ಕಾಲು ನೋಡಿಕೊಳ್ಳುವಂತಾಗುತ್ತದೆ. ಕಾರು ಹೋದರೆ ಹೋಗಲಿ, ತಪ್ಪು ನನ್ನದೋ ಅದರದೋ ತಿಳಿಯದೆ ಹೋಗುವುದು ಬೇಡ ಎನಿಸಿತು. ಮೂರನೇ ಟೆಸ್ಟಿಗೆ ಮೂರು ವಾರ ಇತ್ತು.

ಮೆಕ್ಯಾನಿಕ್ ಜಮಾಲಸಾಬರ ಬಳಿ ಹೋಗದೆ ಇರಲಿಲ್ಲ. ಅರವತ್ತು ದಾಟಿದವರು, ಶಹಾಪುರದ ಅರ್ಧ ಗಾಡಿಗಳ ಹೊಟ್ಟೆಯೊಳಗೆ ಕೈ ಹಾಕಿದವರು. ಮೊದಲು ಪ್ಲಗ್ ಬದಲಿಸಿದರು. ಆಮೇಲೆ ಏರ್ ಫಿಲ್ಟರ್. ಆಮೇಲೆ ಇಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನೆಲ್ಲ ಬಿಚ್ಚಿ, ತೊಳೆದು, ಮಸಿ ತೆಗೆದರು. ಪ್ರತಿ ಸಲವೂ ಬಾನೆಟ್ ಎತ್ತಿ, ಗಾಡಿ ಚಾಲೂ ಮಾಡಿ, ಹೊರಗೆ ನಿಂತು ಕಿವಿಗೊಟ್ಟು ಕೇಳುತ್ತಿದ್ದರು. ಇಂಜಿನ್ ದೇವರ ಮುಂದಿನ ದೀಪದ ಹಾಗೆ ಅಲುಗಾಡದೆ ನಡೆಯುತ್ತಿತ್ತು. "ಐಡ್ಲಿಂಗ್ ಬರಾಬರ್ ಐತಿ ಮೇಡಂ," ಎನ್ನುತ್ತಿದ್ದರು. ನಾನು ಕೂತು ರಸ್ತೆಗೆ ಇಳಿಸಿದರೆ ಮೊದಲ ತಿರುವಿನಲ್ಲಿ ನಿಂತ ಕೂಡಲೇ ಬಂದ್.

ಏಳನೇ ತರಗತಿಯ ಮಕ್ಕಳಿಗೆ ನಾನು ಒಂದು ಮಾತು ಹೇಳುತ್ತೇನೆ: ಕಾರಣ ಗೊತ್ತಾಗದಿದ್ದರೆ ಊಹೆ ಮಾಡಬೇಡಿ, ಬರೆದಿಡಿ. ಆ ಮಾತನ್ನು ಆರು ತಿಂಗಳಿಂದ ನಾನೇ ಪಾಲಿಸಿರಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಗೆರೆ ಹೊಡೆದೆ. ಇಂಜಿನ್ ಬಿಸಿಯೋ ತಣ್ಣಗೋ, ಎಸಿ ಹಾಕಿತ್ತೋ ಇಲ್ಲವೋ, ಯಾವ ಗೇರು, ಎಡಗಾಲು ಎಲ್ಲಿತ್ತು, ಬಲಗಾಲು ಎಲ್ಲಿತ್ತು. ದಿನಾ ಸಂಜೆ ಮಲಗಿದ ಬುದ್ಧನ ಗುಡ್ಡದ ಕೆಳಗಿನ ರಸ್ತೆಯಲ್ಲಿ ಓಡಿಸುವುದು, ಬಂದ್ ಬಿದ್ದಾಗಲೆಲ್ಲ ಬರೆಯುವುದು. ಎಡಗಡೆ ಕೂತ ಶ್ರೀಮಂತ ಮೊಬೈಲ್ ನೋಡುತ್ತ, "ಬರಕೋ, ಬರಕೋ" ಎನ್ನುತ್ತಿದ್ದರು. ಹನ್ನೆರಡು ದಿನಕ್ಕೆ ಮೂವತ್ತೊಂದು ಸಲ ಆಯಿತು.

ಒಂದು ರವಿವಾರ ಬೆಳಿಗ್ಗೆ ನೋಟ್‌ಬುಕ್ ಹರಡಿಕೊಂಡು ಕೂತೆ. ಎಸಿ ಇದ್ದಾಗ ಹನ್ನೆರಡು ಸಲ, ಇಲ್ಲದಾಗ ಹತ್ತೊಂಬತ್ತು. ಬಿಸಿ ಇದ್ದಾಗಲೂ ಬಿದ್ದಿದೆ, ತಣ್ಣಗಿದ್ದಾಗಲೂ ಬಿದ್ದಿದೆ. ಕ್ಲಚ್ ಮೂವತ್ತೊಂದು ಸಲವೂ ಪೂರ್ತಿ ಒತ್ತಿತ್ತು, ಅಂದರೆ ನನ್ನ ಎಡಗಾಲಿನದು ಏನೂ ತಪ್ಪಿಲ್ಲ. ಬಲಗಾಲು ಮೂವತ್ತೊಂದು ಸಲವೂ ಬ್ರೇಕಿನ ಮೇಲಿತ್ತು.

ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಹೋಗಿ, ಮನೆಯ ಮುಂದೆ ನಿಂತಿದ್ದ ಕಾರು ಚಾಲೂ ಮಾಡಿದೆ. ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಬಿಟ್ಟೆ. ಒಂದೇ ಸಮನೆ ನಡೆಯಿತು. ಬ್ರೇಕ್ ಒತ್ತಿದೆ. ಸದ್ದು ಏರಿತು, ಇಳಿಯಿತು, ಕೆಮ್ಮಿತು, ಬಂದ್. ಮತ್ತೆ ಮಾಡಿದೆ, ಮತ್ತೆ ಬಂದ್. ಐದನೇ ಸಲಕ್ಕೆ ನನಗೆ ಅಳು ಬಂತು. ಸ್ಟೇರಿಂಗಿಗೆ ತಲೆಯಿಟ್ಟು ಅತ್ತುಬಿಟ್ಟೆ. ಇಷ್ಟು ಖುಷಿ ಕಾರು ತಂದ ದಿನವೂ ಆಗಿರಲಿಲ್ಲ.

ಅದೇ ದಿನ ಮಧ್ಯಾಹ್ನ ಗಂಡನನ್ನೂ ಕರೆದುಕೊಂಡು ಜಮಾಲಸಾಬರ ಬಳಿ ಹೋದೆ. ನೋಟ್‌ಬುಕ್ ಕೊಟ್ಟೆ. ಅವರು ಓದಲಿಲ್ಲ.

"ಬಾಯೀಲೆ ಹೇಳ್ರಿ ಮೇಡಂ."

"ಕಾಕಾ, ನಿಂತಾಗ ಬ್ರೇಕ್ ಒತ್ತಿದ್ರ ಬಂದ್ ಬೀಳ್ತೈತಿ. ಬಿಟ್ರ ಬೀಳಂಗಿಲ್ಲ."

"ಗಾಡಿ ನಿಂತೈತಿ ಅಂದಮ್ಯಾಲ ಬ್ರೇಕ್ ಯಾಕ ಒತ್ತತೀರಿ?"

"ಡ್ರೈವಿಂಗ್ ಪುಸ್ತಕದಾಗ ಹಂಗ ಐತ್ರಿ. ನಿಂತಾಗ ಬ್ರೇಕ್ ಮ್ಯಾಲ ಕಾಲು ಇರಬೇಕಂತ."

ಜಮಾಲಸಾಬರು ಶ್ರೀಮಂತರ ಮುಖ ನೋಡಿದರು. "ನೀವ್ ಏನ್ ಮಾಡ್ತೀರಿ ಸಾಹೇಬ್ರ?"

"ನಾ ರೇಸ್ ಕೊಟ್ಟು ಹಿಡೀತೀನಿ," ಎಂದರು ಶ್ರೀಮಂತ. "ಎಲ್ಲಾರೂ ಹಂಗ ಮಾಡ್ತಾರಲ್ಲ."

"ನಾನೂ ಹಂಗ ಮಾಡ್ತೀನಿ," ಎಂದರು ಜಮಾಲಸಾಬರು, ತುಸು ಬೇಸರದಿಂದ. "ಈ ಊರಾಗ ನಿಂತ ಗಾಡಿಗೆ ಯಾರೂ ಬ್ರೇಕ್ ಒತ್ತಂಗಿಲ್ಲ. ಯಾವ ಮಗನಿಗೆ ಗೊತ್ತಾಗಬೇಕು ಇದು?"

ಬಾನೆಟ್ ಎತ್ತಿದರು. ಬ್ರೇಕಿನ ಹಿಂದೆ ತಾಟಿನಷ್ಟು ದೊಡ್ಡ ಕಪ್ಪು ಡಬ್ಬಿಯೊಂದಿದೆ, ಅದಕ್ಕೆ ಬೂಸ್ಟರ್ ಎನ್ನುತ್ತಾರೆ. ಕಾಲು ಮೆಲ್ಲಗೆ ಒತ್ತಿದರೂ ಬ್ರೇಕ್ ಗಟ್ಟಿಯಾಗಿ ಹಿಡಿಯುವಂತೆ ಮಾಡುವುದು ಅದರ ಕೆಲಸ. ಅದಕ್ಕೂ ಇಂಜಿನ್ನಿಗೂ ನಡುವೆ ಒಂದು ರಬ್ಬರ್ ಪೈಪು. ನನಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿದರು. ಇಂಜಿನ್ ಕುಣಿಯತೊಡಗಿತು. ಜಮಾಲಸಾಬರು ಪಕ್ಕಡದಿಂದ ಆ ಪೈಪನ್ನು ಅಮುಕಿ ಹಿಡಿದರು. ಕುಣಿತ ಅಲ್ಲಿಗೇ ನಿಂತಿತು. ಪಕ್ಕಡ ಬಿಟ್ಟರು, ಕುಣಿಯಿತು. ಹಿಡಿದರು, ನಿಂತಿತು.

"ಬೂಸ್ಟರ್‌ನ ಒಳಗಿನ ರಬ್ಬರ್ ಹರದೈತಿ," ಎಂದರು. "ಬ್ರೇಕ್ ಒತ್ತಿದ್ರ ಅದರೊಳಗಿಂದ ಇಂಜಿನ್ನಿಗೆ ಗಾಳಿ ನುಗ್ಗತೈತಿ. ಖರೇ ಹಿಡದೀರಿ ಮೇಡಂ. ಪ್ಲಗ್ ಬದ್ಲಿ ಮಾಡಿದ್ದು ನಂದು ಗಲತ್ ಆತು."

ಶ್ರೀಮಂತ ಇಂಜಿನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ನಾ ಮೊದಲಿಂದ ಹೇಳಾಕತ್ತಿದ್ದೆ," ಎಂದರು, "ಗಾಡ್ಯಾಗ ಏನೋ ಐತಿ ಅಂತ."

ನಾನು ಅವರನ್ನು ನೋಡಿದೆ. ಜಮಾಲಸಾಬರೂ ನೋಡಿದರು.

ಕಲಬುರಗಿಯಿಂದ ಹೊಸ ಬೂಸ್ಟರ್ ತರಿಸಿ ಹಾಕಿದರು. ಕಾರು ಎಲ್ಲಿ ನಿಲ್ಲಿಸಿದರೂ, ಎಷ್ಟು ಬ್ರೇಕ್ ಒತ್ತಿದರೂ ಜಪ ಮಾಡುವವರ ಹಾಗೆ ಒಂದೇ ಸಮನೆ ಗುನುಗುತ್ತಿತ್ತು.

ಮೂರನೇ ಟೆಸ್ಟ್ ಶುಕ್ರವಾರ. ಶ್ರೀಮಂತ ಹರಿದ ಬೂಸ್ಟರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಯಾದಗಿರಿಗೆ ಬಂದರು. ದಾಖಲೆ ಇಲ್ಲದೆ ಅವರು ಎಲ್ಲಿಗೂ ಹೋಗುವುದಿಲ್ಲ. ನನ್ನ ಸರದಿಗೆ ಮೊದಲೇ ಇನ್ಸ್‌ಪೆಕ್ಟರ ಮುಂದೆ ಚೀಲ ಬಿಚ್ಚಿ, "ಹಿಂದಿನ ಎರಡೂ ಸಲ ತಪ್ಪು ಇದರದು ಸರ್," ಎಂದರು. ಇನ್ಸ್‌ಪೆಕ್ಟರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಿಂದೆ ಸಾಲಿನಲ್ಲಿದ್ದವರೂ ನೋಡಿದರು.

ಎಂಟು ತಿರುಗಿಸಿದೆ. ರಿವರ್ಸ್ ತೆಗೆದೆ. ಗೆರೆಯ ಮೇಲೆ ನಿಲ್ಲಿಸಿದೆ, ಬಲಗಾಲು ಬ್ರೇಕಿನ ಮೇಲೆ. ಇಂಜಿನ್ ಒಂದಿಷ್ಟೂ ಅಲುಗಲಿಲ್ಲ. ನನಗೆ ಎಷ್ಟು ಹಿಗ್ಗಾಯಿತೆಂದರೆ, "ಹೊಂಡ್ರಿ" ಎಂದ ತಕ್ಷಣ ಕ್ಲಚ್ಚಿನಿಂದ ಕಾಲನ್ನು ಪೂರ್ತಿ ತೆಗೆದುಬಿಟ್ಟೆ. ಕಾರು ಕಪ್ಪೆಯಂತೆ ಒಂದು ಸಲ ಹಾರಿ ಬಂದ್ ಬಿತ್ತು.

ಇನ್ಸ್‌ಪೆಕ್ಟರು ಕಿಟಕಿಯ ಹತ್ತಿರ ಬಂದರು. ಅವರ ಮುಖದಲ್ಲಿ ಮರುಕವಿತ್ತು.

"ಮತ್ತ ಅದ ಬ್ಯಾನಿ ಏನ್ರಿ? ಗಾಡೀದ ತಪ್ಪಿದ್ರ ಇನ್ನೊಂದು ರೌಂಡ್ ಹೊಡೀರಿ. ನಿಮ್ಮನ್ನ ಫೇಲ್ ಮಾಡಂಗಿಲ್ಲ."

ಹೌದು ಎಂದರೆ ಸಾಕಿತ್ತು. ಇನ್ನೊಂದು ಸುತ್ತು ಹೊಡೆದು ಪಾಸಾಗಿ, ಸೋಮವಾರ ಶಿರವಾಳಕ್ಕೆ ಇದೇ ಕಾರಿನಲ್ಲಿ ಹೋಗಬಹುದಿತ್ತು. ಇಲ್ಲ ಎಂದರೆ ನಾಡಿದ್ದು ಏಜಾಜ ಬರುತ್ತಾನೆ. ಆದರೆ ಮೂವತ್ತೊಂದು ಸಲ ಇನ್ನೊಬ್ಬರ ತಪ್ಪನ್ನು ತಲೆಯ ಮೇಲೆ ಹೊತ್ತವಳು ನಾನು. ಅದರ ಭಾರ ಎಷ್ಟೆಂದು ನನಗೆ ಗೊತ್ತು. ನನ್ನದನ್ನು ಒಂದು ಕಾರಿನ ತಲೆಗೂ ಕಟ್ಟಲು ಮನಸ್ಸಾಗಲಿಲ್ಲ.

"ಇಲ್ರಿ ಸರ್," ಎಂದೆ. "ಗಾಡಿ ಬರಾಬರ್ ಐತಿ. ಈ ಸಲ ತಪ್ಪು ನಂದ."

ಇನ್ಸ್‌ಪೆಕ್ಟರು ನನ್ನನ್ನು ನೋಡಿ, ಪೆನ್ನು ನೋಡಿ, ಬರೆದರು: 'ಕ್ಲಚ್ ಮೇಲೆ ಹಿಡಿತವಿಲ್ಲ.' ಮೂರನೇ ಸಲ ಅದೇ ವಾಕ್ಯ. ಈ ಸಲ ಅದು ನಿಜವಾಗಿತ್ತು.

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಶ್ರೀಮಂತ ಕಾಯುತ್ತಿದ್ದರು. ಕಾರು ನಿಲ್ಲಿಸಿ ಇಳಿದೆ.

"ಪಾಸ್?"

"ಫೇಲ್."

"ಮತ್ತ ಗಾಡಿ ಏನಾರ..."

"ಗಾಡಿಗೇನೂ ಆಗಿಲ್ಲ. ಕ್ಲಚ್ ಲಗೂ ಬಿಟ್ಟೆ. ಗಾಡೀದ ತಪ್ಪಿದ್ರ ಮತ್ತೊಂದು ಛಾನ್ಸ್ ಕೊಡ್ತೀನಿ ಅಂದ್ರು. ನಂದ ತಪ್ಪು ಅಂದೆ."

"ಯಾಕ ಹಂಗಂದಿ?"

"ನಂದ ಇತ್ತಲ್ರಿ."

ಅವರು ಗೋಣಿಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಆಮೇಲೆ ಅದನ್ನು ಕೆಳಗಿಟ್ಟು ಏಜಾಜನಿಗೆ ಫೋನ್ ಹಚ್ಚಿದರು. ಕಾರಿನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ಐತವಾರ ಬರಬ್ಯಾಡಪ್ಪಾ... ಇಲ್ಲ, ಗಾಡಿ ಕೊಡಂಗಿಲ್ಲ... ಇಲ್ಲೋ, ಆಕೀದೂ ಏನೂ ತಪ್ಪಿಲ್ಲ. ಆರು ತಿಂಗಳಿಂದ ನಾನ ತಪ್ಪು ತಿಳಕೊಂಡಿದ್ದೆ."

ಮದುವೆಯಾಗಿ ಹದಿನಾಲ್ಕು ವರ್ಷವಾಯಿತು, ಆ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಅದನ್ನೂ ನನಗೆ ಹೇಳಲಿಲ್ಲ, ಏಜಾಜನಿಗೆ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲೂ ಇಲ್ಲ. ಕೇಳಿಸಿತು, ನನಗೆ ಅಷ್ಟೇ ಸಾಕಾಯಿತು.

ಹಿಂದಿನ ಎರಡು ಸಲವೂ ಇಲ್ಲಿಂದ ಮನೆಗೆ ಓಡಿಸಿಕೊಂಡು ಹೋದವರು ಅವರೇ. ಈ ಸಲ ಫೋನ್ ಜೇಬಿಗಿಟ್ಟು, ಕಾರಿನ ಮುಂದಿನಿಂದ ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದು ಕೂತರು.