ಅತ್ತಿಗೆ ನಾದಿನಿ ಹತ್ತಿದ ಬೆಟ್ಟ

ಅತ್ತಿಗೆಯದು ಚೀಲ ಹೊಲಿಯುವ ಸಣ್ಣ ಕಾರ್ಖಾನೆ. ನಾದಿನಿಯದು ಲಿಫ್ಟ್ ರಿಪೇರಿ. ಇಬ್ಬರೂ ಹಿಮಬೆಟ್ಟ ಹತ್ತುವ ತರಬೇತಿ ಪಡೆದವರು. ಸಾಮಾನು ಹೊರುವವರು, ಅಡುಗೆಯವರು, ದಾರಿ ತೋರುವವರು ಯಾರೂ ಇಲ್ಲದೆ, ಊರುಕೇರಿಗಳಿಂದ ಬಹುದೂರದ ಹಿಮಶಿಖರವೊಂದನ್ನು ಹತ್ತಿಬರುತ್ತೇವೆ ಎಂದು ಇಬ್ಬರೂ ಹೇಳಿದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ಫ್ಯಾನ್ ಎಷ್ಟರಲ್ಲಿ ಇಡಬೇಕು ಅಂತ ದಿನಾ ಜಗಳ ಆಡ್ತೀರಿ. ಒಂದೇ ಟೆಂಟಲ್ಲಿ ಹೇಗಿರ್ತೀರಿ?"

"ಅಲ್ಲಿ ಫ್ಯಾನ್ ಇರಲ್ವಲ್ಲ," ಎಂದಳು ನಾದಿನಿ.

ಹೊರೆ ಒಂದೇ ಸಲಕ್ಕೆ ಹೊರುವಂಥದ್ದಲ್ಲ. ಅರ್ಧ ಹೊತ್ತು ಮೇಲಿಟ್ಟು, ಇಳಿದುಬಂದು, ಉಳಿದರ್ಧ ಹೊರುತ್ತಿದ್ದರು. ಹೀಗೆ ಅದೇ ಕಲ್ಲುಹಾದಿಯನ್ನು ಮತ್ತೆ ಮತ್ತೆ ತುಳಿದು, ಹಿಮನದಿ ದಾಟಿ, ಶಿಖರದ ಬುಡದಲ್ಲಿ ಟೆಂಟ್ ಹಾಕಿದರು. ಅವತ್ತೇ ಮಧ್ಯಾಹ್ನ ಸ್ಟೌ ಕೈಕೊಟ್ಟಿತು.

ನಾದಿನಿ ಅದನ್ನು ಬಿಚ್ಚಿ ಚಾಪೆಯ ಮೇಲೆ ಹರಡಿದಳು. ಪಂಪಿನ ಚರ್ಮದ ವಾಷರ್ ಹರಿದಿತ್ತು. ಬದಲಿಗೆಂದು ತಂದಿದ್ದ ರಬ್ಬರಿನದು ಚಳಿಗೆ ಸೆಟೆದು ಬಿರುಕು ಬಿಟ್ಟಿತ್ತು. ಸ್ಟೌ ಇಲ್ಲದಿದ್ದರೆ ಹಿಮ ಕರಗದು; ಹಿಮ ಕರಗದಿದ್ದರೆ ಕುಡಿಯಲು ನೀರಿಲ್ಲ.

"ಇಳಿಯೋದೇ ಅತ್ತಿಗೆ. ಬೇರೆ ದಾರಿ ಇಲ್ಲ."

ಅತ್ತಿಗೆ ತನ್ನ ಎಡಗೈ ಗವಸನ್ನು ತಿರುವಿ ನೋಡಿದಳು. ಅಂಗೈಗೆ ದಪ್ಪ ಚರ್ಮ ಹೊಲಿದಿತ್ತು. "ಇದು ಆಗುತ್ತಾ?"

"ಆಗುತ್ತೆ. ಆದ್ರೆ ನಾಳೆ ಹಗ್ಗ ಹಿಡಿಯೋದು ಹೇಗೆ?"

"ಹೊಲಿಗೆ ನನ್ನ ಕೆಲಸ ಕಣೇ. ನೀನು ಅಳತೆ ಹೇಳು."

ಕತ್ತರಿಸಿಕೊಟ್ಟ ಚರ್ಮದ ಬಿಲ್ಲೆಗೆ ನಾದಿನಿ ಅಡುಗೆ ಎಣ್ಣೆ ತಿಕ್ಕಿ, ಮೆತ್ತಗಾಗಿಸಿ, ಬಟ್ಟಲಿನಂತೆ ಬಗ್ಗಿಸಿ ಕೂರಿಸಿದಳು. ಎರಡು ಸಲ ಸೋರಿತು. ಮೂರನೆಯ ಸಲ ನೀಲಿ ಜ್ವಾಲೆ ಬುಸುಗುಟ್ಟಿತು. ಅಷ್ಟರಲ್ಲಿ ಅತ್ತಿಗೆ ಬೆನ್ನುಚೀಲದ ಮುಚ್ಚಳದಿಂದ ಒಂದು ತುಂಡು ಕತ್ತರಿಸಿ ಗವಸಿಗೆ ತೇಪೆ ಹಾಕಿದ್ದಳು. ಇಬ್ಬರೂ ಹೊಟ್ಟೆ ತುಂಬ ಬಿಸಿನೀರು ಕುಡಿದರು.

ಮರುದಿನ ಹತ್ತಿದರು. ನಾದಿನಿಯದು ಜಿಂಕೆಯ ನಡಿಗೆ, ಅತ್ತಿಗೆಯದು ಎತ್ತಿನದು. ತುದಿಗಿಂತ ಸ್ವಲ್ಪ ಕೆಳಗೆ ಗಾಜಿನಂಥ ಮಂಜುಗಡ್ಡೆಯ ಗೋಡೆ ಎದುರಾಯಿತು. ಬೆಳಗಿನಿಂದ ಮುಂದಿದ್ದ ನಾದಿನಿಯ ತೋಳು ಸೋತಿತ್ತು.

"ನನ್ನ ಕೈಲಿ ಆಗ್ತಿಲ್ಲ ಅತ್ತಿಗೆ. ಮುಂದೆ ನೀವು ಹೋಗ್ತೀರಾ?"

ಇಂಥ ಗೋಡೆಯಲ್ಲಿ ಅತ್ತಿಗೆ ಎಂದೂ ಮುಂದೆ ಹೋದವಳಲ್ಲ. ಆದರೂ ಹೆದರಿಕೆಯಾಗಲಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿದ್ದವಳು ಯಾರೆಂದು ಅವಳಿಗೆ ಗೊತ್ತಿತ್ತು. ಮಂಜುಗಡ್ಡೆಗೆ ಹಿಮಗೊಡಲಿ ಬಡಿದು, ಬೂಟಿನ ಉಕ್ಕಿನ ಮುಳ್ಳು ಊರಿ, ಅವಸರವಿಲ್ಲದೆ ಏರಿದಳು. ಮೇಲೆ ಹಗ್ಗ ಬಿಗಿದು ಕೂಗಿದಳು: "ಬಾರೇ, ಹಿಡಿದಿದೀನಿ!"

ತುದಿಯಲ್ಲಿ ಇಬ್ಬರು ಒತ್ತಿಕೊಂಡು ಕೂರುವಷ್ಟೇ ಜಾಗ. ನಾದಿನಿ ಅತ್ತಳು. ಅತ್ತಿಗೆಗೆ ಮಾತ್ರ ಭಯಂಕರ ಹಸಿವು. ಜೇಬಿನಲ್ಲಿದ್ದ ಒಣದ್ರಾಕ್ಷಿಯನ್ನೆಲ್ಲ ಮುಕ್ಕಿದಳು. ಸುತ್ತಲೂ ಹೆಸರೇ ಇಲ್ಲದ ಶಿಖರಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ಇಳಿಯುವಾಗ ಇನ್ನಷ್ಟು ಎಚ್ಚರ ವಹಿಸಿದರು. ಕಸವನ್ನೂ ಬಿಡದೆ ಎಲ್ಲವನ್ನೂ ಹೊತ್ತು, ಬಳಲಿ, ಕೊನೆಗೊಂದು ಮಧ್ಯಾಹ್ನ ರಸ್ತೆ ಸೇರಿದರು. ನಾದಿನಿ ಮನೆಗೆ ಫೋನ್ ಮಾಡಿದಳು.

"ಇಬ್ಬರೂ ಸರಿಯಾಗಿದೀರಾ?" ಅಣ್ಣ ಒಂದೇ ಉಸಿರಿಗೆ ಕೇಳಿದ.

ಅತ್ತಿಗೆ ಫೋನ್ ಕಸಿದುಕೊಂಡಳು. "ಸರಿಯಾಗಿದೀವಿ ರೀ. ಮೇಲಿಂದ ಇನ್ನೊಂದು ಬೆಟ್ಟ ನೋಡ್ಕೊಂಡು ಬಂದಿದೀವಿ. ಈಗ್ಲಿಂದಾನೇ ಮೆಟ್ಟಿಲು ಹತ್ತೋ ಅಭ್ಯಾಸ ಮಾಡ್ಕೊಳ್ಳಿ, ನೀವೂ ಬರ್ತೀರಿ."